ಸ್ಕ್ರೀನಿಂಗ್‌ನಲ್ಲಿ 84 ಹಿಟ್ ಸಿಕ್ಕಿವೆ, ಅದರಲ್ಲಿ ನಿಜವಾದವು ಎಷ್ಟು?

ಪ್ರಶ್ನೆ: "ನಮಸ್ಕಾರ ಮೇಡಂ. ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕೋವಿಡ್ ವೈರಸ್ಸಿನ, ಪ್ರೋಟೀನ್ ಕತ್ತರಿಸುವ ಮೇನ್ ಪ್ರೋಟಿಯೇಸ್ ಕಿಣ್ವವನ್ನು ಯಾವುದು ತಡೆಯುತ್ತದೆ ಅಂತ 1,280 ಕಂಪೌಂಡ್‌ಗಳ ಒಂದು ಲೈಬ್ರರಿಯನ್ನು ಸ್ಕ್ರೀನ್ ಮಾಡಿದೆ. ನಮ್ಮಲ್ಲಿ ರೋಬೋ ಇಲ್ಲ. ಎಲ್ಲವೂ ಮಲ್ಟಿಚಾನೆಲ್ ಪಿಪೆಟ್‌ನಲ್ಲಿ, 96 ವೆಲ್ (ಗುಳಿ) ಪ್ಲೇಟ್‌ನಲ್ಲಿ. ಎಲ್ಲ ಕಂಪೌಂಡ್‌ಗೂ ಒಂದೇ ಡೋಸ್, 50 ಮೈಕ್ರೋಮೋಲಾರ್. ಬಫರ್ ಬರೀ ಟ್ರಿಸ್, ಡಿಟರ್ಜೆಂಟ್ ಆಗಲಿ ಡಿಟಿಟಿ (ಪ್ರೋಟೀನಿನ ಗಂಧಕವನ್ನು ಕಾಪಾಡುವ ರಾಸಾಯನಿಕ) ಆಗಲಿ ಹಾಕಿಲ್ಲ. ಜೆಡ್ ಪ್ರೈಮ್ (ಪರೀಕ್ಷೆಯ ಗುಣಮಟ್ಟದ ಅಂಕ) 0.62 ಬಂತು. ಅರ್ಧಕ್ಕಿಂತ ಜಾಸ್ತಿ ತಡೆದ 84 ಕಂಪೌಂಡ್ ಸಿಕ್ಕವು. ಮೇಲಿನ ಸಾಲಿನಲ್ಲಿ ಕರ್ಕ್ಯುಮಿನ್, ಕ್ವೆರ್ಸೆಟಿನ್, ಎಬ್ಸೆಲೆನ್, ಡೈಸಲ್ಫಿರಾಮ್ ಇವೆ. ಗೈಡ್ ಸರ್‌ಗೆ ತುಂಬಾ ಖುಷಿ. ಡಾಕಿಂಗ್ (ಅಣು ಕಿಣ್ವದಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರ್ ಊಹಿಸುವುದು) ಸ್ಕೋರ್ ಸೇರಿಸಿ ಪೇಪರ್ ಕಳಿಸೋಣ ಅಂತಿದ್ದಾರೆ. ಆದರೆ ಹೊಸ ಪುಡಿ ತರಿಸಿ ನೋಡಿದರೆ ಮೊದಲ ಹತ್ತರಲ್ಲಿ ಮೂರು ಕೆಲಸವನ್ನೇ ಮಾಡಲಿಲ್ಲ. ಬೇರೆ ಲ್ಯಾಬ್‌ನ ಗೆಳತಿ ಡಿಟಿಟಿ ಇರುವ ತನ್ನ ಬಫರ್‌ನಲ್ಲಿ ಮಾಡಿದಾಗ ಇನ್ನೂ ಕೆಲವು ಮಾಯವಾದವು. ರೋಬೋ ಇಲ್ಲದ್ದಕ್ಕೇ ಹೀಗಾಯ್ತಾ? ಎರಡು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?"

ಉತ್ತರ: ಎರಡಕ್ಕೂ "ಇಲ್ಲ" ಅಂತಲೇ ಉತ್ತರ. ರೋಬೋ ಇಲ್ಲದ್ದರಿಂದ ಹೀಗಾಗಿಲ್ಲ. ಎರಡು ವರ್ಷವೂ ಹಾಳಾಗಿಲ್ಲ. ಆದರೆ ನಿಮ್ಮ 84ರಲ್ಲಿ ಬಹುಪಾಲು ನಿಜವಾದ ಹಿಟ್ ಅಲ್ಲ ಅಂತ ನನಗನ್ನಿಸುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆ ಅಂತ ಒಂದೊಂದಾಗಿ ನೋಡೋಣ.

ರೋಬೋ ವಿಷಯ ಬೇಗ ಮುಗಿಸುತ್ತೇನೆ. ಕಂಟ್ರೋಲ್‌ಗೆ ಎರಡು ಕಾಲಂ ಬಿಟ್ಟರೆ ಒಂದು ಪ್ಲೇಟ್‌ನಲ್ಲಿ 80 ಕಂಪೌಂಡ್ ಹಿಡಿಯುತ್ತವೆ. ನಿಮ್ಮ ಲೈಬ್ರರಿ ಅಂದರೆ 16 ಪ್ಲೇಟ್. ಇಷ್ಟನ್ನು ಕೈಯಲ್ಲಿ ಮಾಡುವುದರಲ್ಲಿ ತಪ್ಪೇನೂ ಇಲ್ಲ. ರೋಬೋ ಬೇಕಾಗುವುದು 384 ಅಥವಾ 1,536 ವೆಲ್ ಪ್ಲೇಟ್‌ಗಳಲ್ಲಿ ಲಕ್ಷಗಟ್ಟಲೆ ಕಂಪೌಂಡ್ ಓಡಿಸುವವರಿಗೆ. ಈ ಪ್ಲೇಟ್ ಹುಟ್ಟಿದ್ದೇ ಕೈಕೆಲಸದಿಂದ. 1951ರಲ್ಲಿ ಹಂಗೇರಿಯ ವೈದ್ಯ ಗ್ಯುಲಾ ಟಕಾಚಿ ಫ್ಲೂ ವೈರಸ್ ಪರೀಕ್ಷೆಗೆ ಅಂತ ಪ್ಲೆಕ್ಸಿಗ್ಲಾಸ್‌ನಲ್ಲಿ ಸಾಲು ಸಾಲು ಗುಳಿ ಮಾಡಿಸಿಕೊಂಡರು. ಇವತ್ತಿನ ಮೈಕ್ರೋಪ್ಲೇಟ್‌ನ ಮೂಲ ಅದು.

ಪಿಪೆಟ್ ಹಿಡಿದ ಕೈಯಿಂದ ತಪ್ಪಾಗಿದ್ದರೆ ಅದು ಪ್ಲೇಟ್ ಮೇಲೆ ಗುರುತು ಬಿಡುತ್ತದೆ. 84 ಹಿಟ್‌ಗಳನ್ನು ಪ್ಲೇಟ್ ಮ್ಯಾಪ್ ಮೇಲೆ ಗುರುತು ಹಾಕಿ ನೋಡಿ. ಅಂಚಿನ ವೆಲ್‌ಗಳಲ್ಲೇ ಜಾಸ್ತಿ ಇದ್ದರೆ ಅಲ್ಲಿ ನೀರು ಆವಿಯಾಗಿದೆ. ಒಂದೇ ಸಾಲಿನಲ್ಲಿ ಪದೇ ಪದೇ ಬಂದಿದ್ದರೆ ಆ ಟಿಪ್ ಸರಿಯಾಗಿ ಕೂತಿಲ್ಲ. ಎಲ್ಲ ಕಡೆ ಚದುರಿದ್ದರೆ ನಿಮ್ಮ ಕೈಯನ್ನು ದೂರಬೇಡಿ.

ಇನ್ನು ಜೆಡ್ ಪ್ರೈಮ್. 0.5ಕ್ಕಿಂತ ಮೇಲಿದ್ದರೆ ಅಸ್ಸೇ (ಪರೀಕ್ಷೆಯ ವಿಧಾನ) ಚೆನ್ನಾಗಿದೆ ಅಂತ ಎಲ್ಲರೂ ಕಲಿತಿರುತ್ತೇವೆ. ನಿಮ್ಮದು 0.62, ನಿಜಕ್ಕೂ ಒಳ್ಳೆಯ ಅಂಕ. ಆದರೆ ಅದನ್ನು ಲೆಕ್ಕ ಹಾಕುವುದು ಯಾವ ವೆಲ್‌ಗಳಿಂದ? ಕಂಟ್ರೋಲ್ ವೆಲ್‌ಗಳಿಂದ ಮಾತ್ರ. ಕಿಣ್ವ ಪೂರ್ತಿ ಓಡುವ ವೆಲ್‌ಗೂ ನಿಂತ ವೆಲ್‌ಗೂ ನಡುವೆ ಅಂತರ ಎಷ್ಟು, ಏರಿಳಿತ ಎಷ್ಟು, ಅಷ್ಟೇ ಅದರಲ್ಲಿರುವುದು. ನಿಮ್ಮ 1,280 ಕಂಪೌಂಡ್‌ಗಳಲ್ಲಿ ಒಂದರ ಬಗ್ಗೆಯೂ ಅದು ಏನೂ ಹೇಳುವುದಿಲ್ಲ. ಜೆಡ್ ಪ್ರೈಮ್ ಚೆನ್ನಾಗಿದೆ, ಆದ್ದರಿಂದ ಹಿಟ್‌ಗಳೂ ಸರಿ ಅನ್ನುವ ತರ್ಕ ನಾನು ರಿವ್ಯೂ ಮಾಡುವ ಪೇಪರ್‌ಗಳಲ್ಲೂ ಆಗಾಗ ಕಾಣಿಸುತ್ತದೆ.

ಅದಕ್ಕಿಂತ ಜಾಸ್ತಿ ಹೇಳುವ ಅಂಕಿ ನಿಮ್ಮ ಪತ್ರದಲ್ಲೇ ಇದೆ. 1,280ಕ್ಕೆ 84 ಅಂದರೆ ನೂರಕ್ಕೆ ಆರೂವರೆ. ಒಂದು ಕಿಣ್ವದ ಮೇಲಿನ ಸ್ಕ್ರೀನಿಂಗ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೂ ಸಿಗುವುದಿಲ್ಲ. ಇಷ್ಟೊಂದು ಬಂದಿವೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಅಸ್ಸೇಯನ್ನು. 50 ಮೈಕ್ರೋಮೋಲಾರ್ ದೊಡ್ಡ ಡೋಸ್ ಬೇರೆ.

ಪ್ಲೇಟ್ ರೀಡರ್ ಯಂತ್ರಕ್ಕೆ ಕಿಣ್ವ ಕಾಣಿಸುವುದಿಲ್ಲ, ಬೆಳಕು ಮಾತ್ರ ಕಾಣಿಸುತ್ತದೆ. ಈ ಕಿಣ್ವಕ್ಕೆ ಎಲ್ಲರೂ ಬಳಸುವ ಪೆಪ್ಟೈಡ್‌ನ ಒಂದು ತುದಿಯಲ್ಲಿ ಹೊಳೆಯುವ ಎಡಾನ್ಸ್, ಇನ್ನೊಂದು ತುದಿಯಲ್ಲಿ ಆ ಹೊಳಪನ್ನು ಅಡಗಿಸುವ ಡ್ಯಾಬ್ಸಿಲ್ ಇರುತ್ತವೆ. ನಿಮ್ಮದೂ ಅದೇ ಇರಬೇಕು. ಕಿಣ್ವ ಪೆಪ್ಟೈಡನ್ನು ಕತ್ತರಿಸಿದರೆ ಎರಡೂ ದೂರವಾಗುತ್ತವೆ, ಎಡಾನ್ಸ್ ಹೊಳೆಯುತ್ತದೆ. 340 ನ್ಯಾನೋಮೀಟರ್‌ನಲ್ಲಿ ಬೆಳಕು ಹಾಯಿಸಿ 490ರ ಆಸುಪಾಸಿನಲ್ಲಿ ಅಳೆಯುತ್ತೀರಿ. ಬೆಳಕು ಕಡಿಮೆಯಾದರೆ ಕಿಣ್ವ ನಿಂತಿದೆ ಅಂತ ನಾವು ಓದಿಕೊಳ್ಳುತ್ತೇವೆ. ಆದರೆ ಬೆಳಕು ಕಡಿಮೆಯಾಗಲು ಇನ್ನೂ ನಾಲ್ಕಾರು ದಾರಿಗಳಿವೆ.

ಸುಲಭದ್ದು ಬಣ್ಣ. ನಿಮ್ಮ ಕರ್ಕ್ಯುಮಿನ್ ಪ್ಲೇಟನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿ. ಪ್ಲೇಟ್ ಕಪ್ಪಗಿದ್ದರೆ ಅದೇ ಡೋಸನ್ನು ಒಂದು ಪಾರದರ್ಶಕ ಪ್ಲೇಟ್‌ಗೆ ಹಾಕಿ ನೋಡಿ. ವೆಲ್ ಹಳದಿಯಾಗಿ ಕಾಣುತ್ತದೆ, ಅಲ್ವಾ? ಹಳದಿ ಕಾಣುವ ವಸ್ತು ನೀಲಿ ಬೆಳಕನ್ನು ನುಂಗುತ್ತಿರುತ್ತದೆ. ಎಡಾನ್ಸ್ ಕೊಡುವುದೂ ನೀಲಿ-ಹಸಿರು ಬೆಳಕೇ. ಕ್ವೆರ್ಸೆಟಿನ್ ಇನ್ನೊಂದು ಕಡೆಯಿಂದ ಕಾಟ ಕೊಡುತ್ತದೆ. ನೀವು ಹಾಯಿಸುವ 340ರ ಬೆಳಕನ್ನೇ ಅದು ಹೀರಿಕೊಳ್ಳುತ್ತದೆ. ಇದನ್ನು ಹಿಡಿಯಲು ದುಬಾರಿ ಯಂತ್ರ ಬೇಡ. ಕಂಪೌಂಡ್ ಹಾಕದೆ ಕಿಣ್ವ ತನ್ನ ಕೆಲಸ ಪೂರ್ತಿ ಮುಗಿಸಲು ಬಿಡಿ. ಬೆಳಕು ಮೇಲೆ ಹೋಗಿ ನಿಂತ ಮೇಲೆ ಕಂಪೌಂಡ್ ಹಾಕಿ ಮತ್ತೆ ಓದಿ. ಕತ್ತರಿಸುವ ಕೆಲಸ ಆಗಲೇ ಮುಗಿದಿದೆ, ತಡೆಯಲು ಏನೂ ಉಳಿದಿಲ್ಲ. ಆದರೂ ಬೆಳಕು ಇಳಿದರೆ ಕಂಪೌಂಡ್ ಬೆಳಕನ್ನೇ ನುಂಗುತ್ತಿದೆ ಅಂತ ಅರ್ಥ.

ಎರಡನೆಯದು ಉಂಡೆ ಕಟ್ಟುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಡಿಟರ್ಜೆಂಟ್ ಇಲ್ಲದ ಬಫರ್‌ನಲ್ಲಿ ದೊಡ್ಡ ಮೋಸಗಾರ ಇದೇ. ನೀರಿಗೆ ಒಗ್ಗದ ಎಷ್ಟೋ ಅಣುಗಳು ಮೈಕ್ರೋಮೋಲಾರ್ ಮಟ್ಟದಲ್ಲಿ ಕರಗಿದ ಹಾಗೆ ಕಾಣುತ್ತವೆ, ಆದರೆ ಒಳಗೆ ಸಣ್ಣ ಸಣ್ಣ ಉಂಡೆಗಳಾಗಿರುತ್ತವೆ. ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ, ದ್ರಾವಣ ತಿಳಿಯಾಗಿಯೇ ಇರುತ್ತದೆ. ಕಿಣ್ವ ಈ ಉಂಡೆಗಳ ಮೈಗೆ ಅಂಟಿಕೊಂಡು ಕೆಲಸ ಮಾಡದ ಸ್ಥಿತಿಗೆ ಹೋಗುತ್ತದೆ. ಯಾವ ಕಿಣ್ವ ಕೊಟ್ಟರೂ ಇದೇ ಕಥೆ. ಕ್ಯಾಲಿಫೋರ್ನಿಯಾದ ಬ್ರಯನ್ ಶೋಯ್ಕೆಟ್ ಅವರ ಗುಂಪು 2002ರಿಂದ ಇದನ್ನು ಬಿಡಿಸಿ ತೋರಿಸುತ್ತಾ ಬಂತು. ಅವರೂ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರೂ ಸೇರಿ ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವದ ಮೇಲೆ ಸುಮಾರು 70,000 ಕಂಪೌಂಡ್ ಸ್ಕ್ರೀನ್ ಮಾಡಿದರು. ತಡೆದ ಹಾಗೆ ಕಂಡವು 1,274. ಚೂರು ಡಿಟರ್ಜೆಂಟ್ ಹಾಕಿ ಮತ್ತೆ ನೋಡಿದರೆ ಅವುಗಳಲ್ಲಿ ಸುಮಾರು ಶೇ. 95 ಕೆಲಸ ನಿಲ್ಲಿಸಿದವು. ಅಲ್ಲಿ ರೋಬೋ ಇತ್ತು, ಅನುಭವಿಗಳಿದ್ದರು, ಹಣಕ್ಕೂ ಕೊರತೆ ಇರಲಿಲ್ಲ. ನಿಮ್ಮ 84ರ ಮುಂದೆ ಈ ಲೆಕ್ಕ ಇಟ್ಟು ಯೋಚಿಸಿ.

ಪರೀಕ್ಷೆ ತುಂಬಾ ಅಗ್ಗ. ಬಫರ್‌ಗೆ ಶೇ. 0.01 ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕಿ. ಉಂಡೆ ಒಡೆದು ಕಿಣ್ವ ಮತ್ತೆ ಓಡಲು ಶುರುಮಾಡಿದರೆ ಆ ಹಿಟ್ ಕೈಬಿಡಿ. ಒಂದು ಎಚ್ಚರಿಕೆ: ನಿಮ್ಮದು ಸಿಸ್ಟೀನ್ (ಗಂಧಕ ಇರುವ ಅಮೈನೋ ಆಮ್ಲ) ಮೇಲೆ ನಡೆಯುವ ಕಿಣ್ವ. ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಟ್ರೈಟಾನ್‌ನಲ್ಲಿ ಪೆರಾಕ್ಸೈಡ್ ಸೇರಿಕೊಂಡಿರುತ್ತದೆ, ಅದು ಸಿಸ್ಟೀನನ್ನೇ ಕೆಡಿಸುತ್ತದೆ. ಹೊಸ ಬಾಟಲಿಯಿಂದ ಅಂದಂದೇ ಮಾಡಿಕೊಳ್ಳಿ. ಇನ್ನೊಂದು ಸುಳಿವು ಡೋಸ್ ಕರ್ವ್‌ನಲ್ಲೇ ಸಿಗುತ್ತದೆ. ಒಂದು ಕಿಣ್ವಕ್ಕೆ ಒಂದೇ ಅಣುವಾಗಿ ಅಂಟುವ ಸಾಮಾನ್ಯ ಇನ್ಹಿಬಿಟರ್‌ನ ಕರ್ವ್ ನಿಧಾನಕ್ಕೆ ಇಳಿಯುತ್ತದೆ, ಹಿಲ್ ಸ್ಲೋಪ್ (ಕರ್ವ್‌ನ ಇಳಿಜಾರಿನ ಅಳತೆ) 1ರ ಆಸುಪಾಸು ಇರುತ್ತದೆ. ಉಂಡೆ ಕಟ್ಟುವ ಕಂಪೌಂಡ್ ಒಂದು ಹಂತದವರೆಗೆ ಏನೂ ಮಾಡದೆ, ಆಮೇಲೆ ದಿಢೀರ್ ಅಂತ ಕೆಳಗೆ ಬೀಳುತ್ತದೆ. ಸ್ಲೋಪ್ 2 ದಾಟಿದ್ದನ್ನೆಲ್ಲ ನಾನು ಬೇರೆ ಇಟ್ಟು ನೋಡುತ್ತೇನೆ.

ಮೂರನೆಯದು ನಿಮ್ಮ ಗೆಳತಿಯ ಲ್ಯಾಬ್‌ನಲ್ಲಿ ನಡೆದದ್ದು. ಅವರ ಫಲಿತಾಂಶ ನಿಮಗೆ ಸಿಕ್ಕ ಒಳ್ಳೆಯ ಉಡುಗೊರೆ ಅಂತಲೇ ತಿಳಿಯಿರಿ. ಮೇನ್ ಪ್ರೋಟಿಯೇಸ್‌ನ ಕತ್ತರಿ ಅಂದರೆ 145ನೇ ಸಿಸ್ಟೀನ್. ಅದರ ಗಂಧಕ ತುಂಬಾ ಚುರುಕು, ಎದುರಿಗೆ ಬಂದ ಯಾವ ಚುರುಕು ಅಣುವಿನ ಜೊತೆಗೂ ಸೇರಿಕೊಳ್ಳುತ್ತದೆ. ಡಿಟಿಟಿ ಇಲ್ಲದ ಬಫರ್‌ನಲ್ಲಿ ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಎಬ್ಸೆಲೆನ್, ಡೈಸಲ್ಫಿರಾಮ್ ಎರಡೂ ಇಂತಹ ಸಿಸ್ಟೀನ್‌ಗಳನ್ನು ಹುಡುಕಿ ಹಿಡಿಯುವಂಥವೇ. 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಪೇಪರ್‌ನಲ್ಲಿ 10,000ಕ್ಕೂ ಹೆಚ್ಚು ಕಂಪೌಂಡ್ ನೋಡಿ ಎಬ್ಸೆಲೆನ್‌ಗೆ 0.67 ಮೈಕ್ರೋಮೋಲಾರ್ ಐಸಿ50 (ಕಿಣ್ವವನ್ನು ಅರ್ಧ ತಡೆಯುವ ಡೋಸ್) ಕೊಟ್ಟಿದ್ದರು. ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಅದೇ ವರ್ಷ ಇನ್ನೊಂದು ಗುಂಪು ಡಿಟಿಟಿ ಹಾಕಿ ಪರೀಕ್ಷಿಸಿತು. ಎಬ್ಸೆಲೆನ್, ಡೈಸಲ್ಫಿರಾಮ್, ಕಾರ್ಮೊಫರ್, ಶಿಕೊನಿನ್ ಯಾವುದೂ ನಿಲ್ಲಲಿಲ್ಲ. ಜಿಸಿ376 ಎಂಬ ಕಂಪೌಂಡ್ ಮಾತ್ರ ಡಿಟಿಟಿ ಇದ್ದರೂ ಇಲ್ಲದಿದ್ದರೂ ಕಿಣ್ವವನ್ನು ತಡೆಯಿತು. ನಮ್ಮ ಜೀವಕೋಶದ ಒಳಗೆ ಡಿಟಿಟಿಯಂಥದೇ ಕೆಲಸ ಮಾಡುವ ಗ್ಲುಟಾಥಯೋನ್ ತುಂಬಿಕೊಂಡಿದೆ. ಡಿಟಿಟಿ ಎದುರು ನಿಲ್ಲದ್ದು ಅಲ್ಲೂ ನಿಲ್ಲುವುದು ಕಷ್ಟ.

ಹಾಗಂತ ಸಿಸ್ಟೀನ್‌ಗೆ ಅಂಟುವ ಎಲ್ಲವೂ ಕೆಟ್ಟವು ಅಂತ ಅಂದುಕೊಳ್ಳಬೇಡಿ. ಕೋವಿಡ್ ಮಾತ್ರೆ ಪ್ಯಾಕ್ಸ್‌ಲೋವಿಡ್‌ನಲ್ಲಿರುವ ನಿರ್ಮಾಟ್ರೆಲ್ವಿರ್ ಕೂಡ ಅದೇ 145ನೇ ಸಿಸ್ಟೀನ್‌ಗೆ ಬಂಧ ಹಾಕುತ್ತದೆ. ಅದು ಮೊದಲು ಕಿಣ್ವದ ಗೂಡಿನಲ್ಲಿ ಸರಿಯಾಗಿ ಕೂತು, ಆಮೇಲೆ ಬಂಧ ಹಾಕುತ್ತದೆ. ದಾರಿಯಲ್ಲಿ ಸಿಕ್ಕ ಗಂಧಕಕ್ಕೆಲ್ಲ ಕೈ ಚಾಚುವುದಿಲ್ಲ. ಇನ್ನೊಂದು ತೊಡಕೂ ಇದೆ. ಕ್ವಿನೋನ್ ಜಾತಿಯ ಕೆಲವು ಕಂಪೌಂಡ್‌ಗಳು ಡಿಟಿಟಿ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಅಂಥವು ಡಿಟಿಟಿ ಹಾಕಿದ ಮೇಲೆ ಇನ್ನೂ ಜೋರಾಗಿ ತಡೆಯುವ ಹಾಗೆ ಕಾಣುತ್ತವೆ. ಹಾಗೆ ಕಂಡರೆ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಕಿಣ್ವ ಸ್ವಲ್ಪ ಹಾಕಿ ನೋಡಿ. ತಡೆ ಮಾಯವಾದರೆ ಅದು ಪೆರಾಕ್ಸೈಡ್ ಕೆಲಸ.

ಹೊಸ ಪುಡಿಯಲ್ಲಿ ಮೂರು ಕಂಪೌಂಡ್ ಕೆಲಸ ಮಾಡದಿದ್ದದ್ದಕ್ಕೆ ಕಾರಣ ಬೇರೆ ಇರಬಹುದು. ಲೈಬ್ರರಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಇಟ್ಟದ್ದಲ್ಲವೇ? ಡಿಎಂಎಸ್‌ಒ ಸುಮಾರು 18.5 ಡಿಗ್ರಿಗೇ ಗಟ್ಟಿಯಾಗುತ್ತದೆ, ಗಾಳಿಯ ತೇವವನ್ನು ಚೆನ್ನಾಗಿ ಹೀರುತ್ತದೆ. ಫ್ರೀಜರ್‌ನಿಂದ ತೆಗೆದ ತಣ್ಣನೆಯ ಪ್ಲೇಟಿನ ಮುಚ್ಚಳವನ್ನು ಧಾರವಾಡದ ಮಳೆಗಾಲದಲ್ಲಿ ತಕ್ಷಣ ತೆರೆದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಪದೇ ಪದೇ ಹೀಗಾದರೆ ಕೆಲವು ಕಂಪೌಂಡ್ ಕೆಳಗೆ ಕೂರುತ್ತವೆ, ಕೆಲವು ಒಡೆದು ಬೇರೇನೋ ಆಗುತ್ತವೆ. ಆಗ ನಿಮ್ಮ ಕಿಣ್ವವನ್ನು ತಡೆದದ್ದು ಲೇಬಲ್‌ನಲ್ಲಿರುವ ಹೆಸರಿನ ಕಂಪೌಂಡ್ ಅಲ್ಲವೇ ಅಲ್ಲ. ತಯಾರಿಕೆಯಲ್ಲಿ ಉಳಿದ ಸತು ಕೂಡ ಇದೇ ರೀತಿ ಮೋಸ ಮಾಡುತ್ತದೆ. ಲೋಹವನ್ನು ಹಿಡಿದಿಡುವ ಇಡಿಟಿಎ ಹಾಕಿದರೆ ಅದು ಬಯಲಾಗುತ್ತದೆ. ಹಳೆಯ ಸ್ಟಾಕ್ ಮತ್ತು ಹೊಸ ಪುಡಿ ಎರಡನ್ನೂ ಒಂದೇ ದಿನ ಎಲ್‌ಸಿ-ಎಂಎಸ್‌ಗೆ (ಒಳಗಿನ ಅಣುಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಕೊಡಿ. ಉತ್ತರ ಸಿಗುತ್ತದೆ.

ಈಗ ಡಾಕಿಂಗ್ ವಿಷಯ. ಗೈಡ್ ಸರ್ ಮೇಲೆ ನನಗೆ ಬೇಸರವಿಲ್ಲ. ಪೇಪರ್ ಒತ್ತಡ ಎಲ್ಲ ಕಡೆ ಇದೆ. ಆದರೆ ಡಾಕಿಂಗ್ ಸ್ಕೋರ್ ಹಿಟ್‌ಗೆ ಸಾಕ್ಷಿ ಆಗುವುದಿಲ್ಲ. ಯಾವ ಅಣುವನ್ನು ಕೊಟ್ಟರೂ ಆ ಪ್ರೋಗ್ರಾಂ ಎಲ್ಲೋ ಒಂದು ಕಡೆ ಕೂರಿಸಿ ಒಂದು ಸಂಖ್ಯೆ ಕೊಡುತ್ತದೆ. ಅಣುವಿನ ಬಣ್ಣ ಅದಕ್ಕೆ ಗೊತ್ತಿಲ್ಲ, ಬಫರ್‌ನಲ್ಲಿ ಅದು ಉಂಡೆ ಕಟ್ಟುತ್ತದೆ ಅಂತ ಗೊತ್ತಿಲ್ಲ. ಡಾಕಿಂಗ್‌ನ ಸರಿಯಾದ ಜಾಗ ಶುರುವಿನಲ್ಲಿ. ಜಪಾನಿನ ಶಿಯೊನೊಗಿ ಕಂಪನಿಯ ಎನ್ಸಿಟ್ರೆಲ್ವಿರ್ ಇದೇ ಮೇನ್ ಪ್ರೋಟಿಯೇಸ್ ತಡೆಯುವ ಮಾತ್ರೆ. ಅದರ ಹುಡುಕಾಟ ಕಂಪ್ಯೂಟರ್ ಸ್ಕ್ರೀನಿಂಗ್‌ನಿಂದಲೇ ಶುರುವಾಯಿತು. ಆದರೆ ಅಲ್ಲಿ ಆರಿಸಿದ್ದನ್ನು ಕೂಡಲೇ ಕಿಣ್ವದ ಮೇಲೆ ಪರೀಕ್ಷಿಸಿ, ನಿಂತದ್ದನ್ನು ತಿದ್ದಿ ತಿದ್ದಿ ಔಷಧ ಮಾಡಿದರು. 2022ರ ನವೆಂಬರ್‌ನಲ್ಲಿ ಜಪಾನ್‌ನಲ್ಲಿ ತುರ್ತು ಅನುಮತಿ ಸಿಕ್ಕಿತು. ಮೊದಲು ಕಂಪ್ಯೂಟರ್, ಆಮೇಲೆ ಕಿಣ್ವ. ನೀವು ಮಾಡಹೊರಟಿರುವುದು ಅದರ ಉಲ್ಟಾ.

ಕರ್ಕ್ಯುಮಿನ್ ಬಗ್ಗೆಯೂ ಬಿಡಿಸಿ ಹೇಳಲೇಬೇಕು. ಅರಿಶಿನದ ಮೇಲೆ ನಮಗೆಲ್ಲ ಪ್ರೀತಿ ಇದೆ, ಅದಕ್ಕೇ ಈ ಹಿಟ್ ಬಿಡಲು ಮನಸ್ಸು ಬರುವುದಿಲ್ಲ. ಆದರೆ ಬೆಳಕು ನುಂಗುವುದು, ತಾನೇ ಹೊಳೆಯುವುದು, ಉಂಡೆ ಕಟ್ಟುವುದು, ಸಿಸ್ಟೀನ್‌ಗೆ ಅಂಟುವುದು, ಲೋಹ ಹಿಡಿಯುವುದು, ಇಷ್ಟನ್ನೂ ಒಂದೇ ಅಣು ಮಾಡುತ್ತದೆ. ಸಾಲದ್ದಕ್ಕೆ ಪಿಎಚ್ 7ರ ಮೇಲಿನ ಬಫರ್‌ನಲ್ಲಿ 37 ಡಿಗ್ರಿಗೆ ಇಟ್ಟರೆ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. 2017ರಲ್ಲಿ ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಬಂದ ಒಂದು ದೊಡ್ಡ ವಿಮರ್ಶೆ, ಆ ಹೊತ್ತಿಗೆ 120ಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್ ನಡೆದಿದ್ದರೂ ಡಬಲ್ ಬ್ಲೈಂಡ್ ಪರೀಕ್ಷೆಯಲ್ಲಿ ಒಂದೂ ಗೆದ್ದಿಲ್ಲ ಅಂತ ಬರೆಯಿತು. ಅಡುಗೆಯ ಅರಿಶಿನಕ್ಕೂ ಈ ಮಾತಿಗೂ ಸಂಬಂಧವಿಲ್ಲ. ನಿಮ್ಮ ಪಟ್ಟಿಯ ಮೊದಲ ಸಾಲಿನಿಂದ ಅದನ್ನು ತೆಗೆಯಿರಿ, ಅಷ್ಟೇ.

ಇಂತಹ ತೊಂದರೆ ಕೊಡುವ ಅಣುಗಳ ಪಟ್ಟಿಯನ್ನು 2010ರಲ್ಲಿ ಆಸ್ಟ್ರೇಲಿಯಾದ ಬೇಲ್ ಮತ್ತು ಹಾಲೋವೇ ಮಾಡಿದರು. ಪೇನ್ಸ್ ಅಂತ ಅದರ ಹೆಸರು. 84 ರಚನೆಗಳನ್ನೂ ಆ ಫಿಲ್ಟರ್‌ಗೆ ಹಾಕಿ ನೋಡಿ. ಆದರೆ ಅದರ ಮಾತನ್ನೇ ಕೊನೆಯ ತೀರ್ಪು ಅಂತ ತಗೋಬೇಡಿ. ಮಾರುಕಟ್ಟೆಯಲ್ಲಿರುವ ಕೆಲವು ಔಷಧಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ. ಫಿಲ್ಟರ್ ತೋರಿಸಿದ ಅಣುವನ್ನು ಜಾಸ್ತಿ ಪರೀಕ್ಷೆ ಮಾಡಿ, ಸುಮ್ನೆ ಬಿಸಾಡಬೇಡಿ.

ಹಾಗಾದರೆ ಮುಂದೇನು? ಈಗಿರುವ ಹಾಗೇ ಪೇಪರ್ ಕಳಿಸುವುದು ಒಂದು ದಾರಿ. ಬೇಗ ಆಗುತ್ತದೆ, ಎಲ್ಲೋ ಒಂದು ಕಡೆ ಅಚ್ಚೂ ಆಗಬಹುದು. ಆದರೆ ವೈವಾದಲ್ಲಿ ಪರೀಕ್ಷಕರು "ಡಿಟಿಟಿ ಹಾಕಿದರೆ ಏನಾಗುತ್ತದೆ?" ಅಂತ ಕೇಳಿದರೆ ನಿಮ್ಮ ಕೈಯಲ್ಲಿ ಉತ್ತರ ಇರುವುದಿಲ್ಲ. ಉತ್ತರ ಏನು ಅಂತ ಗೆಳತಿಯ ಲ್ಯಾಬ್ ಈಗಾಗಲೇ ಹೇಳಿದೆ. ಗೊತ್ತಿದ್ದೂ ಕಳಿಸುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯ ದಾರಿಗೆ ನನ್ನ ಪೂರ್ತಿ ಬೆಂಬಲ. 84 ಕಂಪೌಂಡ್‌ಗಳನ್ನೇ ಹಿಡಿದು, ಡೋಸ್ 10 ಮೈಕ್ರೋಮೋಲಾರ್‌ಗೆ ಇಳಿಸಿ, ಒಂದೊಂದಕ್ಕೆ ಮೂರು ವೆಲ್ ಕೊಡಿ. ನಾಲ್ಕು ಸ್ಥಿತಿಗಳಲ್ಲಿ ನೋಡಿ: ಹಳೆಯ ಬಫರ್, ಟ್ರೈಟಾನ್ ಹಾಕಿದ ಬಫರ್, 4 ಮಿಲಿಮೋಲಾರ್ ಡಿಟಿಟಿ ಹಾಕಿದ ಬಫರ್, ಮತ್ತೆ ಕೆಲಸ ಮುಗಿದ ಮೇಲೆ ಕಂಪೌಂಡ್ ಹಾಕುವ ಪ್ಲೇಟ್. ಎಲ್ಲ ಸೇರಿ ಮತ್ತೆ 16 ಪ್ಲೇಟ್. ಮೊದಲು ಮಾಡಿದಷ್ಟೇ ಕೆಲಸ. ಪಾಸಿಟಿವ್ ಕಂಟ್ರೋಲ್ ಜಿಸಿ376 ಇರಲಿ. ಉಳಿದ ಐದೋ ಹತ್ತೋ ಕಂಪೌಂಡ್‌ಗೆ ಹೊಸ ಪುಡಿ ತರಿಸಿ, ಎಂಟು ಡೋಸ್‌ನ ಕರ್ವ್ ಹಾಕಿ. ಅಪಾಯ ಏನೆಂದರೆ, ಒಂದೂ ಉಳಿಯದೇ ಹೋಗಬಹುದು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಶುರುಮಾಡಿ.

ಉಳಿದವು ಕಿಣ್ವಕ್ಕೆ ನಿಜವಾಗಿ ಅಂಟುತ್ತವೆಯೇ ಅಂತ ಬೆಳಕಿನ ಪೆಪ್ಟೈಡ್ ಇಲ್ಲದ ಇನ್ನೊಂದು ವಿಧಾನದಲ್ಲಿ ನೋಡಬೇಕು. ನಿಮ್ಮ ಕಾಲೇಜಿನಲ್ಲಿ ರಿಯಲ್ ಟೈಮ್ ಪಿಸಿಆರ್ ಯಂತ್ರ ಇರಬೇಕಲ್ಲ? ಅದರಲ್ಲೇ ಥರ್ಮಲ್ ಶಿಫ್ಟ್ ಮಾಡಬಹುದು. ಪ್ರೋಟೀನ್‌ಗೆ ಒಂದು ಡೈ ಹಾಕಿ ಬಿಸಿ ಮಾಡುತ್ತಾ ಹೋದರೆ, ಕಂಪೌಂಡ್ ಅಂಟಿದ ಕಿಣ್ವ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಬಿಸಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಬಣ್ಣದ ಕಂಪೌಂಡ್ ಇಲ್ಲೂ ಕಾಟ ಕೊಡುತ್ತದೆ, ನೆನಪಿರಲಿ. ಎಸ್‌ಪಿಆರ್ (ಅಂಟುವುದನ್ನು ನೇರವಾಗಿ ಅಳೆಯುವ ವಿಧಾನ) ಬೇಕಾದರೆ ಬೆಂಗಳೂರಿನ ದೊಡ್ಡ ಸಂಸ್ಥೆಗಳನ್ನು ಕೇಳಬೇಕಾಗುತ್ತದೆ. ಹೊರಗಿನವರಿಗೂ ಶುಲ್ಕಕ್ಕೆ ಮಾಡಿಕೊಡುವ ಸೌಲಭ್ಯಗಳಿವೆ. 84ನ್ನೂ ಹೊತ್ತುಕೊಂಡು ಹೋಗಬೇಡಿ, ಸೋಸಿ ಉಳಿದ ನಾಲ್ಕೈದು ಸಾಕು.

ಒಂದೂ ಉಳಿಯದಿದ್ದರೆ ಮೂರನೆಯ ದಾರಿ. ಸರಿಪಡಿಸಿದ ಬಫರ್‌ನಲ್ಲಿ ಬೇರೆ ಲೈಬ್ರರಿ. ಮಲೇರಿಯಾ ಔಷಧಗಳಿಗಾಗಿ ಕೆಲಸ ಮಾಡುವ ಜಿನೀವಾದ ಎಂಎಂವಿ ಸಂಸ್ಥೆ ತಲಾ 400 ಕಂಪೌಂಡ್‌ಗಳ ಪೆಟ್ಟಿಗೆಗಳನ್ನು, ಫಲಿತಾಂಶವನ್ನು ಎಲ್ಲರಿಗೂ ತೆರೆದಿಡಬೇಕು ಅನ್ನುವ ಷರತ್ತಿನ ಮೇಲೆ, ಸಂಶೋಧಕರಿಗೆ ಉಚಿತವಾಗಿ ಕಳಿಸಿಕೊಟ್ಟಿದೆ. ಅವರ ಪ್ಯಾಂಡೆಮಿಕ್ ರೆಸ್ಪಾನ್ಸ್ ಬಾಕ್ಸ್ ನಿಮ್ಮ ವಿಷಯಕ್ಕೆ ಹತ್ತಿರದ್ದು. ಈಗ ಸಿಗುತ್ತದೆಯೇ ಅಂತ ಬರೆದು ಕೇಳಿ. ಕಡಿಮೆ ಸಿಕ್ಕಿತು ಅಂತ ಕುಗ್ಗುವ ಅಗತ್ಯವಿಲ್ಲ. ಗ್ಲಾಕ್ಸೊ ಕಂಪನಿ 1995ರಿಂದ 2001ರವರೆಗೆ ಬ್ಯಾಕ್ಟೀರಿಯಾ ಔಷಧಕ್ಕೆ ಅಂತ ಸುಮಾರು 70 ಸ್ಕ್ರೀನಿಂಗ್ ನಡೆಸಿ, ಮುಂದಕ್ಕೆ ಒಯ್ಯಬಹುದಾದ ಐದೇ ಲೀಡ್ ಸಿಕ್ಕವು ಅಂತ ಬಹಿರಂಗವಾಗಿ ಬರೆದುಕೊಂಡಿತು. ಇನ್ನೊಂದು ಕಡೆ, ಕ್ಷಯಕ್ಕೆ ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಕೊಡುತ್ತಿರುವ ಬೆಡಾಕ್ವಿಲಿನ್ ಸಿಕ್ಕಿದ್ದೂ ಸ್ಕ್ರೀನಿಂಗ್‌ನಿಂದಲೇ. ಅಲ್ಲಿ ಕಿಣ್ವ ಇಟ್ಟುಕೊಂಡು ಹುಡುಕಿರಲಿಲ್ಲ. ಕ್ಷಯದ ರೋಗಾಣುವಿನ ನಿರುಪದ್ರವಿ ಬಂಧುವನ್ನು ಇಡಿಯಾಗಿ ಬೆಳೆಸಿ, ಯಾವುದು ಕೊಲ್ಲುತ್ತದೆ ಅಂತ ನೋಡಿದ್ದರು.

ಗೈಡ್ ಸರ್ ಜೊತೆ ವಾದ ಮಾಡಲು ಹೋಗಬೇಡಿ, ಡೇಟಾ ತೋರಿಸಿ. ಎಬ್ಸೆಲೆನ್ ಮತ್ತು ಜಿಸಿ376 ಎರಡನ್ನೂ ಒಂದೇ ಪ್ಲೇಟ್‌ನಲ್ಲಿ, ಡಿಟಿಟಿ ಹಾಕಿ ಒಮ್ಮೆ, ಹಾಕದೆ ಒಮ್ಮೆ ಓಡಿಸಿ. ಒಂದು ದಿನದ ಕೆಲಸ. ನಾಲ್ಕು ಕರ್ವ್ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಡಿ. ಪೇಪರ್ ಬರೆಯುವಾಗ ಬಿದ್ದುಹೋದ ಕಂಪೌಂಡ್‌ಗಳ ಪಟ್ಟಿಯನ್ನೂ, ಯಾವ ಪರೀಕ್ಷೆಯಲ್ಲಿ ಬಿದ್ದವು ಅನ್ನುವುದನ್ನೂ ಪೂರ್ತಿ ಕೊಡಿ. ಇದೇ ಲೈಬ್ರರಿ ಕೊಂಡಿರುವ ಬೇರೆ ಕಾಲೇಜಿನವರಿಗೆ ಅದರಿಂದ ತಿಂಗಳುಗಟ್ಟಲೆ ಸಮಯ ಉಳಿಯುತ್ತದೆ. ಕರ್ವ್ ಬಂದ ಮೇಲೆ ಪ್ಲೇಟ್ ಮ್ಯಾಪ್, ಬಫರ್ ಲೆಕ್ಕದ ಸಮೇತ ನನಗೂ ಕಳಿಸಿ, ನೋಡಿ ಬರೆಯುತ್ತೇನೆ.